ಮನೆಯಲ್ಲೇ ರಕ್ತದ ಮಾದರಿ ಕೊಟ್ಟು ಅಲರ್ಜಿ ಪರೀಕ್ಷೆ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆಯೇ ಮನೆಯಲ್ಲಿ ನಡೆಯುತ್ತದೆಯೇ, ಅಥವಾ ರಕ್ತವನ್ನು ಮಾತ್ರ ಮನೆಯಲ್ಲಿ ತೆಗೆಯುತ್ತಾರೆಯೇ?

ಮನೆಯಲ್ಲಿ ನಡೆಯುವುದು ರಕ್ತ ತೆಗೆಯುವ ಕೆಲಸ ಮಾತ್ರ. ಗೊತ್ತುಮಾಡಿದ ಹೊತ್ತಿಗೆ ಪ್ರಯೋಗಾಲಯದ ತಂತ್ರಜ್ಞರು ಬಂದು, ತೋಳಿನ ರಕ್ತನಾಳದಿಂದ ಸಾಮಾನ್ಯವಾಗಿ 3ರಿಂದ 5 ಮಿಲಿಲೀಟರ್ ರಕ್ತವನ್ನು ತೆಗೆದು, ಬಾರ್‌ಕೋಡ್ ಅಂಟಿಸಿದ ಕೊಳವೆಯಲ್ಲಿ ತುಂಬಿ, ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಾರೆ. ರಕ್ತ ಹೆಪ್ಪುಗಟ್ಟಿದ ಮೇಲೆ ಅದನ್ನು ಯಂತ್ರದಲ್ಲಿ ತಿರುಗಿಸಿ ಸೀರಂ ಎಂಬ ತಿಳಿ ದ್ರವವನ್ನು ಬೇರ್ಪಡಿಸುತ್ತಾರೆ. ಪರೀಕ್ಷೆ ನಡೆಯುವುದು ಆ ಸೀರಂನ ಮೇಲೆ. ಅಳೆಯಬೇಕಾದ ಪ್ರತಿಕಾಯವು (ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರೋಟೀನು) ಬೇಗ ಕೆಡುವಂಥದ್ದಲ್ಲವಾದ್ದರಿಂದ, ವೈಟ್‌ಫೀಲ್ಡಿನಿಂದಲೋ ಕೆಂಗೇರಿಯಿಂದಲೋ ಮಾದರಿ ವಾಹನದಟ್ಟಣೆಯಲ್ಲಿ ಒಂದೆರಡು ಗಂಟೆ ಸಾಗಿ ಬಂದರೂ, ಸರಿಯಾಗಿ ಸಾಗಿಸಿದ್ದರೆ ಫಲಿತಾಂಶಕ್ಕೆ ಧಕ್ಕೆಯಾಗುವುದಿಲ್ಲ.

ಮನೆಗೆ ಬರುವ ಸೇವೆಯಿಂದ ಉಳಿಯುವುದು ನಿಮ್ಮ ಓಡಾಟ. ಪರೀಕ್ಷೆ ಬೇಕೇ, ಬೇಕಾದರೆ ಯಾವುದು ಬೇಕು, ಬಂದ ಫಲಿತಾಂಶದ ಅರ್ಥವೇನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮಾತ್ರ ವೈದ್ಯರ ಜೊತೆ ಕುಳಿತೇ ಕಂಡುಕೊಳ್ಳಬೇಕು.

ರಕ್ತದಲ್ಲಿ ಅಳೆಯುವುದು ಏನನ್ನು?

ಐಜಿಇ ಎಂಬ ಪ್ರತಿಕಾಯವನ್ನು. 1960ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಶಿಝಾಕಾ ದಂಪತಿ ಹಾಗೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಇದನ್ನು ಬೇರೆ ಬೇರೆಯಾಗಿ ಗುರುತಿಸಿದರು. 1968ರಲ್ಲಿ ಅದಕ್ಕೆ ಈಗಿನ ಹೆಸರು ಅಧಿಕೃತವಾಗಿ ಬಂದಿತು. ದೂಳಿನ ನುಸಿ, ಪರಾಗ, ಸಿಗಡಿ, ಕಡಲೆಕಾಯಿ ಮುಂತಾದ ಯಾವುದಾದರೂ ವಸ್ತುವಿನ ಪ್ರೋಟೀನನ್ನು ದೇಹ ಅಪಾಯವೆಂದು ತಪ್ಪಾಗಿ ಗುರುತಿಸಿದಾಗ, ಆ ಪ್ರೋಟೀನಿಗೆಂದೇ ಐಜಿಇ ತಯಾರಾಗಿ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳ ಮೇಲೆ ಕೂರುತ್ತದೆ. ಅದೇ ಪ್ರೋಟೀನು ಮತ್ತೆ ಎದುರಾದಾಗ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಸೀನು, ತುರಿಕೆ, ಗಂಧೆ, ಉಬ್ಬಸಗಳೆಲ್ಲ ಅಲ್ಲಿಂದ ಹೊರಡುತ್ತವೆ.

ಒಟ್ಟು ಐಜಿಇ ಮಾಡಿಸಿದರೆ ಸಾಲದೇ? ಅದು ಕಡಿಮೆ ಖರ್ಚಿನದು.

ಸಾಲದು. ಒಟ್ಟು ಐಜಿಇ ಎಂಬ ಸಂಖ್ಯೆ ಯಾವುದಕ್ಕೆ ಅಲರ್ಜಿ ಎಂಬುದನ್ನು ಹೇಳುವುದೇ ಇಲ್ಲ. ಇಸುಬು ಇರುವವರಲ್ಲಿ ಅದು ಸಾವಿರಗಳಿಗೆ ಏರಬಹುದು. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಏರುತ್ತದೆ. ನಿಜವಾದ ಅಲರ್ಜಿ ಇದ್ದವರಲ್ಲೂ ಸಾಮಾನ್ಯ ಮಿತಿಯೊಳಗೇ ಇರಬಹುದು. ಹತೋಟಿಗೆ ಬಾರದ ಅಸ್ತಮಾ ಇರುವವರಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರದಿಂದಾಗುವ ಶ್ವಾಸಕೋಶದ ಅಲರ್ಜಿಯನ್ನು ಪತ್ತೆ ಮಾಡಲು, ಮತ್ತು ಕೆಲವು ಚುಚ್ಚುಮದ್ದುಗಳ ಪ್ರಮಾಣ ನಿರ್ಧರಿಸಲು ಅದು ನಿಜಕ್ಕೂ ಬೇಕಾಗುತ್ತದೆ. ಉಳಿದಂತೆ, ಒಂದೊಂದು ವಸ್ತುವಿಗೂ ಪ್ರತ್ಯೇಕವಾಗಿ ಅಳೆಯುವ ನಿರ್ದಿಷ್ಟ ಐಜಿಇ ಪರೀಕ್ಷೆಯೇ ಉಪಯುಕ್ತ.

ವರದಿಯಲ್ಲಿ ಪಾಸಿಟಿವ್ ಎಂದಿದ್ದರೆ ಅಲರ್ಜಿ ಖಚಿತವೇ?

ಇಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ.

ರಕ್ತದಲ್ಲಿ ಒಂದು ವಸ್ತುವಿನ ವಿರುದ್ಧ ಐಜಿಇ ಕಂಡರೆ, ದೇಹ ಆ ವಸ್ತುವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ ಅರ್ಥ; ವೈದ್ಯರು ಇದನ್ನು ಸಂವೇದನೆ ಎನ್ನುತ್ತಾರೆ. ಆ ವಸ್ತುವನ್ನು ತಿಂದಾಗ ಅಥವಾ ಉಸಿರಾಡಿದಾಗ ತೊಂದರೆಯೂ ಆಗುತ್ತಿದ್ದರೆ ಮಾತ್ರ ಅದು ಅಲರ್ಜಿ. ಇವೆರಡರ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಆಧಾರವಿದೆ. ಯುರೋಪಿನ ಯುರೋಪ್ರಿವಾಲ್ ಯೋಜನೆಯ ಭಾಗವಾಗಿ ಕರ್ನಾಟಕದ ವಯಸ್ಕರಲ್ಲಿ 24 ಆಹಾರಗಳ ಕುರಿತು ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಕಂಡುಬಂದಿತ್ತು. ಆಹಾರದ ಅಲರ್ಜಿ ಇರುವ ಸಂಭವ ನಿಜವಾಗಿ ಕಂಡದ್ದು ಶೇ 1.2ರಷ್ಟು ಜನರಲ್ಲಿ ಮಾತ್ರ. ಅಂದರೆ, ಯಾವ ತೊಂದರೆಯೂ ಇಲ್ಲದ ನಾಲ್ಕು ಮಂದಿಯನ್ನು ಹಿಡಿದು ರಕ್ತ ಪರೀಕ್ಷಿಸಿದರೂ ಒಬ್ಬರ ವರದಿಯಲ್ಲಿ ಏನಾದರೊಂದು ಪಾಸಿಟಿವ್ ಎಂದು ಬರುವ ಸಾಧ್ಯತೆ ಇದೆ.

ದೊಡ್ಡ ಪ್ಯಾಕೇಜಿನ ವರದಿ ಕೈಗೆ ಬಂದೊಡನೆ ಗೋಧಿ, ಹಾಲು, ತೊಗರಿಬೇಳೆ, ಟೊಮೆಟೊ, ತೆಂಗಿನಕಾಯಿಗಳನ್ನೆಲ್ಲ ಒಂದೇ ದಿನ ಅಡುಗೆಮನೆಯಿಂದ ಹೊರಹಾಕುವ ಮನೆಗಳಿವೆ. ನಿನ್ನೆಯವರೆಗೂ ತೊಂದರೆಯಿಲ್ಲದೆ ತಿನ್ನುತ್ತಿದ್ದ ಆಹಾರವನ್ನು ಕೇವಲ ಒಂದು ಸಂಖ್ಯೆ ನೋಡಿ ಬಿಡಬೇಡಿ. ಬೆಳೆಯುವ ಮಕ್ಕಳಲ್ಲಿ ಇದರಿಂದ ಪೋಷಣೆ ಕುಂದುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಒಗ್ಗಿಕೊಂಡಿದ್ದ ಆಹಾರವನ್ನು ಬಹುಕಾಲ ಬಿಟ್ಟು ಮತ್ತೆ ತಿಂದಾಗ ಕೆಲವರಲ್ಲಿ ನಿಜವಾದ ಅಲರ್ಜಿಯೇ ಕಾಣಿಸಿಕೊಳ್ಳಬಹುದು.

ಹಾಗಾದರೆ ವಿವರವಾದ ಪರೀಕ್ಷೆಯಿಂದ ಪ್ರಯೋಜನವೇನು?

ಸರಿಯಾದ ಪ್ರಶ್ನೆಯೊಂದಿಗೆ ಮಾಡಿಸಿದರೆ ಪ್ರಯೋಜನ ಬಹಳ. ಹಳೆಯ ಬಗೆಯ ಪರೀಕ್ಷೆಯಲ್ಲಿ ಕಡಲೆಕಾಯಿಯ ಸಾರವನ್ನು ಇಡಿಯಾಗಿ ಬಳಸುತ್ತಾರೆ. ಘಟಕ ಪರೀಕ್ಷೆಯಲ್ಲಿ ಅದರೊಳಗಿನ ಒಂದೊಂದು ಪ್ರೋಟೀನಿಗೂ ಬೇರೆ ಬೇರೆಯಾಗಿ ಐಜಿಇ ಅಳೆಯುತ್ತಾರೆ. ಕಡಲೆಕಾಯಿಯ ಆರಾ ಎಚ್ 2 ಎಂಬ ಪ್ರೋಟೀನಿಗೆ ಐಜಿಇ ಹೆಚ್ಚಿದ್ದರೆ ತೀವ್ರ ಪ್ರತಿಕ್ರಿಯೆಯ ಅಪಾಯ ನಿಜವಾದದ್ದು. ಅದು ಇಲ್ಲದೆ, ಪರಾಗಗಳಲ್ಲೂ ಇರುವ ಪ್ರೊಫಿಲಿನ್‌ನಂಥ ಪ್ರೋಟೀನಿಗೆ ಮಾತ್ರ ಐಜಿಇ ಇದ್ದರೆ ಅಪಾಯ ಸಾಮಾನ್ಯವಾಗಿ ಕಡಿಮೆ. ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮಗುವನ್ನು ಕರೆದೊಯ್ಯಲು ಹೆದರುವ ತಂದೆತಾಯಿಗೆ ಈ ವ್ಯತ್ಯಾಸ ಬಹು ದೊಡ್ಡದು.

ಹಾಲಿನಲ್ಲಿ ಕೇಸೀನ್, ಮೊಟ್ಟೆಯಲ್ಲಿ ಓವೊಮ್ಯೂಕಾಯ್ಡ್ ಎಂಬ ಪ್ರೋಟೀನುಗಳು ಕಾಯಿಸಿದರೂ ಬೇಯಿಸಿದರೂ ಸುಲಭವಾಗಿ ಬದಲಾಗುವುದಿಲ್ಲ. ಇವುಗಳಿಗೆ ಐಜಿಇ ಇಲ್ಲದ ಮಗು, ಹಸಿಯದನ್ನು ತಾಳದಿದ್ದರೂ ಕೇಕು ಬಿಸ್ಕತ್ತುಗಳಲ್ಲಿ ಚೆನ್ನಾಗಿ ಬೆಂದ ಹಾಲು ಮೊಟ್ಟೆಗಳನ್ನು ತಾಳಿಕೊಳ್ಳುವ ಸಂಭವವಿದೆ. ಆದರೆ ಅದನ್ನು ತಿನ್ನಿಸಿ ನೋಡುವ ಪ್ರಯೋಗ ವೈದ್ಯರ ಕಣ್ಣೆದುರಿನಲ್ಲೇ ನಡೆಯಬೇಕು. ಸಿಗಡಿಗೆ ಪಾಸಿಟಿವ್ ಬಂದವರಲ್ಲೂ ಇಂಥ ತೊಡಕಿದೆ. ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಸಿಗಡಿ, ಜಿರಳೆ, ದೂಳಿನ ನುಸಿ ಮೂರರಲ್ಲೂ ಇರುವುದರಿಂದ, ಹುಟ್ಟಿದಾಗಿನಿಂದ ಸಿಗಡಿ ಮುಟ್ಟದ ಶಾಕಾಹಾರಿಯ ವರದಿಯಲ್ಲೂ ಸಿಗಡಿ ಪಾಸಿಟಿವ್ ಎಂದು ಬರಬಹುದು.

ಇನ್ನೊಂದು ಉದಾಹರಣೆಯನ್ನು ಹೇಳಲೇಬೇಕು, ಏಕೆಂದರೆ ಇದು ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ. ಚಪಾತಿ ತಿಂದಾಗ ಏನೂ ಆಗದ ವ್ಯಕ್ತಿ, ಚಪಾತಿ ತಿಂದ ಬಳಿಕ ಲಾಲ್‌ಬಾಗಿನಲ್ಲಿ ಓಡಿದ ದಿನ ಅಥವಾ ನೋವಿನ ಮಾತ್ರೆ ನುಂಗಿದ ದಿನ ಮಾತ್ರ ಮೈತುಂಬ ಗಂಧೆ ಎದ್ದು ಕುಸಿದು ಬೀಳುತ್ತಾನೆ. ಇದು ಗೋಧಿಯ ಒಮೆಗಾ-5 ಗ್ಲಿಯಾಡಿನ್ ಎಂಬ ಪ್ರೋಟೀನಿನ ಅಲರ್ಜಿಯಾಗಿರಬಹುದು. ಇಡೀ ಗೋಧಿಯ ಪರೀಕ್ಷೆಯಲ್ಲಿ ಇದು ಕಾಣದೆ ಹೋಗಬಹುದು. ಆ ಘಟಕವನ್ನೇ ಹೆಸರಿಸಿ ಕೇಳಿದರೆ ಸಿಗುತ್ತದೆ.

ಇಮ್ಯುನೊಕ್ಯಾಪ್ ವಿಧಾನದಲ್ಲಿ ಬೇಕಾದ ವಸ್ತುಗಳನ್ನು ಒಂದೊಂದಾಗಿ ಆರಿಸಿ ಕೇಳಬಹುದು. ಐಸ್ಯಾಕ್ ಎಂಬ ಚಿಪ್‌ನಲ್ಲಿ ನೂರಕ್ಕೂ ಹೆಚ್ಚು ಘಟಕಗಳನ್ನು, ಅಲೆಕ್ಸ್ ಎಂಬ ಪರೀಕ್ಷೆಯಲ್ಲಿ ಸುಮಾರು 300 ಸಾರ ಮತ್ತು ಘಟಕಗಳನ್ನು ಒಟ್ಟಿಗೇ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಹೆಚ್ಚಿನವರಿಗೆ ವೈದ್ಯರು ಆರಿಸಿಕೊಟ್ಟ ಎಂಟು ಹತ್ತು ವಸ್ತುಗಳ ಪರೀಕ್ಷೆಯೇ ಸಾಕು. ಕಾರಣ ತಿಳಿಯದೆ ಮತ್ತೆ ಮತ್ತೆ ತೀವ್ರ ಪ್ರತಿಕ್ರಿಯೆಗೆ ತುತ್ತಾಗುವವರಿಗೆ, ಹಲವು ಆಹಾರಗಳಿಗೆ ಒಟ್ಟಿಗೇ ಪಾಸಿಟಿವ್ ಬಂದು ಗೊಂದಲವಾದವರಿಗೆ ದೊಡ್ಡ ಪರೀಕ್ಷೆ ಸಾರ್ಥಕ.

ಬೆಂಗಳೂರಿನಲ್ಲಿ ವಾಸಿಸುವವರು ಯಾವುದನ್ನು ಪರೀಕ್ಷಿಸಿಕೊಳ್ಳಬೇಕು?

ಈ ಊರಿನ ಹವೆ ಹಿತವಾದದ್ದು. ಆ ಹಿತ ದೂಳಿನ ನುಸಿಗೂ ಒಪ್ಪುತ್ತದೆ. ಹಾಸಿಗೆ, ದಿಂಬು, ಸೋಫಾಗಳಲ್ಲಿ ವರ್ಷವಿಡೀ ಬದುಕುವ ಈ ಕಣ್ಣಿಗೆ ಕಾಣದ ಜೀವಿಗಳನ್ನು, ಬೆಳಗ್ಗೆ ಎದ್ದೊಡನೆ ಸಾಲಾಗಿ ಸೀನುವ ಯಾರಲ್ಲಾದರೂ ಮೊದಲು ಸಂಶಯಿಸಬೇಕು. ಜಿರಳೆ, ನಾಯಿ ಬೆಕ್ಕುಗಳ ಹೊಟ್ಟು, ಮಳೆಗಾಲದ ಗೋಡೆಯ ಬೂಷ್ಟು, ಹುಲ್ಲಿನ ಪರಾಗ, ಬಳ್ಳಾರಿ ಜಾಲಿಯ ಪರಾಗ ಇವು ನಂತರದವು. ಡಾ. ಎಚ್. ಪರಮೇಶ್ ಅವರು ಬೆಂಗಳೂರಿನ 20,000 ಮಕ್ಕಳನ್ನು ಒಳಗೊಂಡು ನಡೆಸಿದ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ, ಅಸ್ತಮಾ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು. ಅಸ್ತಮಾ ಎಲ್ಲವೂ ಅಲರ್ಜಿಯಿಂದಲೇ ಬರುವುದಿಲ್ಲ, ವಾಹನಗಳ ಹೊಗೆಯ ಪಾಲೂ ಅದರಲ್ಲಿದೆ; ಆದರೂ ಅಸ್ತಮಾ ಇರುವ ಮಗುವಿನ ಮನೆಯಲ್ಲಿ ಅಲರ್ಜಿಯ ಕಾರಣವನ್ನು ಹುಡುಕದೆ ಬಿಡುವುದು ಸರಿಯಲ್ಲ.

ಪಾರ್ಥೇನಿಯಂ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಖಾಲಿ ಸೈಟುಗಳಲ್ಲಿ, ರೈಲ್ವೆ ಹಳಿಗಳ ಪಕ್ಕ, ಕೆರೆಯಂಗಳಗಳಲ್ಲಿ ಬಿಳಿ ಹೂ ಬಿಟ್ಟು ನಿಲ್ಲುವ ಈ ಕಾಂಗ್ರೆಸ್ ಗಿಡ ಎರಡು ಬೇರೆ ಬೇರೆ ಬಗೆಯಲ್ಲಿ ಕಾಡುತ್ತದೆ. ಅದರ ಪರಾಗದಿಂದ ಮೂಗು ಸೋರುವುದು, ಉಬ್ಬಸ ಬರುವುದು ಐಜಿಇ ಮೂಲಕವಾದ್ದರಿಂದ ರಕ್ತ ಪರೀಕ್ಷೆಯಲ್ಲಿ ತಿಳಿಯಬಹುದು. ಆದರೆ ಮುಖ, ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗಿ ವಿಪರೀತ ತುರಿಸುವ ಕಾಯಿಲೆ ಮುಖ್ಯವಾಗಿ ರೋಗನಿರೋಧಕ ಕೋಶಗಳಿಂದ ನಿಧಾನವಾಗಿ ಬರುವಂಥದ್ದು. ಅದಕ್ಕೆ ಎಷ್ಟು ದುಬಾರಿಯ ಐಜಿಇ ಪರೀಕ್ಷೆ ಮಾಡಿಸಿದರೂ ಉತ್ತರ ಸಿಗುವುದಿಲ್ಲ. ಚರ್ಮರೋಗ ತಜ್ಞರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ 48 ಗಂಟೆಗಳ ಬಳಿಕ ತೆಗೆದು ನೋಡುವ ಪ್ಯಾಚ್ ಪರೀಕ್ಷೆಯೇ ಅಲ್ಲಿ ಬೇಕು. ಕೂದಲಿನ ಬಣ್ಣ, ನಿಕ್ಕಲ್ ಬೆರೆತ ಓಲೆ ಸರಗಳು, ಸಿಮೆಂಟು ಇವುಗಳಿಂದಾಗುವ ಚರ್ಮದ ತೊಂದರೆಗೂ ಇದೇ ಮಾತು.

ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಪಾರಿವಾಳಗಳ ಹಿಕ್ಕೆಯಿಂದ ಬರುವ ಶ್ವಾಸಕೋಶದ ಕಾಯಿಲೆಯೂ ಐಜಿಇ ಮೂಲಕದ್ದಲ್ಲ. ಒಣಕೆಮ್ಮು, ನಡೆದರೆ ಏದುಸಿರು ವಾರಗಟ್ಟಲೆ ಉಳಿದರೆ ಎದೆರೋಗ ತಜ್ಞರನ್ನು ನೇರವಾಗಿ ಕಾಣಿ.

ಚರ್ಮಕ್ಕೆ ಚುಚ್ಚಿ ಮಾಡುವ ಪರೀಕ್ಷೆಗಿಂತ ರಕ್ತ ಪರೀಕ್ಷೆ ಉತ್ತಮವೇ?

ಎರಡೂ ಒಂದೇ ಐಜಿಇಯನ್ನು ಬೇರೆ ಬೇರೆ ದಾರಿಯಿಂದ ನೋಡುತ್ತವೆ. ಚರ್ಮದ ಪರೀಕ್ಷೆಯಲ್ಲಿ 15ರಿಂದ 20 ನಿಮಿಷಗಳಲ್ಲೇ ಉತ್ತರ ಸಿಗುತ್ತದೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಆದರೆ ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕು, ಮತ್ತು ತುರ್ತು ಔಷಧಗಳಿರುವ ಚಿಕಿತ್ಸಾಲಯದಲ್ಲೇ ಮಾಡಿಸಬೇಕು. ಮೈಯೆಲ್ಲ ಇಸುಬು ಇರುವವರು, ಚರ್ಮ ಕೆರೆದಲ್ಲೆಲ್ಲ ಬಾಸುಂಡೆ ಏಳುವವರು, ಗರ್ಭಿಣಿಯರು, ಹಿಂದೆ ತೀವ್ರ ಪ್ರತಿಕ್ರಿಯೆ ಅನುಭವಿಸಿದವರು, ಮಾತ್ರೆ ನಿಲ್ಲಿಸಲಾಗದವರು ಇವರಿಗೆ ರಕ್ತ ಪರೀಕ್ಷೆ ಹೆಚ್ಚು ಸೂಕ್ತ.

ಖಾಲಿ ಹೊಟ್ಟೆಯಲ್ಲಿರಬೇಕೇ? ಮಾತ್ರೆ ನಿಲ್ಲಿಸಬೇಕೇ?

ಎರಡೂ ಬೇಡ. ಅಸ್ತಮಾದ ಇನ್‌ಹೇಲರನ್ನು ಪರೀಕ್ಷೆಯ ನೆಪದಲ್ಲಿ ಒಂದು ಹೊತ್ತೂ ಬಿಡಬೇಡಿ. ತೀವ್ರ ಅಸ್ತಮಾ, ಗಂಧೆಗಳಿಗೆ ಕೊಡುವ ಒಮಾಲಿಜುಮಾಬ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮುಂಚೆಯೇ ತಿಳಿಸಿ, ಏಕೆಂದರೆ ಅದರಿಂದ ಒಟ್ಟು ಐಜಿಇ ಹೆಚ್ಚಾಗಿ ಕಾಣುತ್ತದೆ.

ಚಿಕ್ಕ ಮಗುವಿಗೆ ಮಾಡಿಸಬಹುದೇ?

ವಯಸ್ಸಿನ ಅಡ್ಡಿಯಿಲ್ಲ; ಶಿಶುಗಳಿಗೂ ಮಾಡುತ್ತಾರೆ. ಮನೆಗೇ ಬಂದು ರಕ್ತ ತೆಗೆಯುವುದರ ನಿಜವಾದ ಲಾಭ ಮಕ್ಕಳಿಗೇ: ಅಮ್ಮನ ತೊಡೆಯ ಮೇಲೆ ಕುಳಿತ ಮಗು ಆಸ್ಪತ್ರೆಯ ಸಾಲಿನಲ್ಲಿ ಕಾದು ಕಂಗಾಲಾದ ಮಗುವಿಗಿಂತ ಸಮಾಧಾನದಲ್ಲಿರುತ್ತದೆ. ಮಕ್ಕಳ ರಕ್ತ ತೆಗೆದು ಪಳಗಿದವರನ್ನೇ ಕಳುಹಿಸಿ ಎಂದು ಕಾಯ್ದಿರಿಸುವಾಗಲೇ ಕೇಳಿ.

ಆದರೆ ಇನ್ನೂ ಕೊಡದ ಆಹಾರಗಳಿಗೆ ಮುಂಜಾಗ್ರತೆಯೆಂದು ಪರೀಕ್ಷೆ ಮಾಡಿಸಿ, ವರದಿ ನೋಡಿ ಅವುಗಳನ್ನು ಮುಂದೂಡುವುದು ಮಗುವಿಗೆ ಒಳ್ಳೆಯದಲ್ಲ. ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, ಅಪಾಯ ಹೆಚ್ಚಿರುವ ಶಿಶುಗಳಿಗೆ ಕಡಲೆಕಾಯಿಯನ್ನು ಮೊದಲ ವರ್ಷದಲ್ಲೇ ಕೊಡತೊಡಗಿದ್ದರಿಂದ ಅದರ ಅಲರ್ಜಿ ಬಹಳ ಮಟ್ಟಿಗೆ ಕಡಿಮೆಯಾಯಿತು. ಇಡೀ ಕಡಲೆಬೀಜ ಶಿಶುವಿನ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿ ಕೊಡಬೇಕು, ಮತ್ತು ತೀವ್ರ ಇಸುಬು ಇರುವ ಮಗುವಾದರೆ ಮಕ್ಕಳ ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಮನೆಗೆ ಬಂದವರ ಕೆಲಸ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಆ ಮಾನ್ಯತೆಯ ವ್ಯಾಪ್ತಿಯಲ್ಲಿ ನಿರ್ದಿಷ್ಟ ಐಜಿಇ ಪರೀಕ್ಷೆಯೂ ಸೇರಿದೆಯೇ ಎಂದು ಮೊದಲು ಕೇಳಿ. ಎರಡನೆಯದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದೇ. ಕರ್ನಾಟಕದಲ್ಲಿ ಖಾಸಗಿ ಪ್ರಯೋಗಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು. ಬಂದವರು ಕೈ ಶುಚಿಗೊಳಿಸಿಕೊಂಡು ಹೊಸ ಕೈಗವಸು ಹಾಕಿಕೊಳ್ಳಬೇಕು, ಸೂಜಿಯ ಮೊಹರನ್ನು ನಿಮ್ಮೆದುರೇ ಒಡೆಯಬೇಕು, ಕೊಳವೆಯ ಮೇಲಿನ ಹೆಸರು ವಯಸ್ಸುಗಳನ್ನು ನಿಮಗೆ ಓದಿ ಹೇಳಬೇಕು. ಒಂದೇ ಮನೆಯ ಇಬ್ಬರು ಮೂವರ ರಕ್ತವನ್ನು ಒಟ್ಟಿಗೆ ತೆಗೆಯುವಾಗ ಕೊಳವೆಗಳು ಅದಲು ಬದಲಾಗುವ ಭಯ ಇರುವುದರಿಂದ ಈ ಕೊನೆಯ ಹೆಜ್ಜೆಗೆ ಪಟ್ಟು ಹಿಡಿಯಿರಿ. ಬಳಸಿದ ಸೂಜಿಯನ್ನು ಚುಚ್ಚಿದರೂ ತೂತಾಗದ ಡಬ್ಬಿಯಲ್ಲಿ ಹಾಕಿ ಅವರೇ ಒಯ್ಯಬೇಕು; ನಿಮ್ಮ ಮನೆಯ ಕಸದ ಬುಟ್ಟಿಗೆ ಅದು ಬಿದ್ದರೆ ಗಾಯವಾಗುವುದು ಬೆಳಗ್ಗೆ ಕಸ ಒಯ್ಯಲು ಬರುವ ಪೌರಕಾರ್ಮಿಕರ ಕೈಗೆ.

ವರದಿಯಲ್ಲಿರುವ ಸಂಖ್ಯೆಗಳನ್ನು ಓದುವುದು ಹೇಗೆ?

ನಿರ್ದಿಷ್ಟ ಐಜಿಇಯನ್ನು ಪ್ರತಿ ಲೀಟರಿಗೆ ಇಷ್ಟು ಕಿಲೋಯೂನಿಟ್ ಎಂದು ಕೊಡುತ್ತಾರೆ. 0.35ಕ್ಕಿಂತ ಕಡಿಮೆಯಿದ್ದರೆ ರೂಢಿಯಲ್ಲಿ ನೆಗೆಟಿವ್. ಅಲ್ಲಿಂದ 0.7ರವರೆಗೆ ಒಂದನೇ ದರ್ಜೆ, 3.5ರವರೆಗೆ ಎರಡನೆಯದು, 17.5ರವರೆಗೆ ಮೂರನೆಯದು, 50ರವರೆಗೆ ನಾಲ್ಕನೆಯದು, 100ರವರೆಗೆ ಐದನೆಯದು, ಅದಕ್ಕೂ ಮೇಲೆ ಆರನೆಯದು. ಸಂಖ್ಯೆ ಹೆಚ್ಚಿದಷ್ಟೂ ಅಲರ್ಜಿ ನಿಜವಾಗಿರುವ ಸಂಭವ ಹೆಚ್ಚು. ಆದರೆ ಪ್ರತಿಕ್ರಿಯೆ ಎಷ್ಟು ತೀವ್ರವಾಗಿರುತ್ತದೆ ಎಂಬುದನ್ನು ದರ್ಜೆ ಹೇಳುವುದಿಲ್ಲ. ಎರಡನೇ ದರ್ಜೆಯವರು ಕುಸಿದು ಬಿದ್ದದ್ದೂ ಉಂಟು, ಐದನೇ ದರ್ಜೆಯವರು ಬರೀ ಸೀನಿ ಸುಮ್ಮನಾದದ್ದೂ ಉಂಟು. ಎಲ್ಲ ಧಾನ್ಯ, ಕಾಳು, ತರಕಾರಿಗಳಿಗೂ ಸಣ್ಣ ಸಣ್ಣ ಪಾಸಿಟಿವ್‌ಗಳು ಒಟ್ಟಿಗೆ ಬಂದಿದ್ದರೆ, ಸಸ್ಯ ಪ್ರೋಟೀನುಗಳಿಗೆ ಅಂಟಿಕೊಂಡ ಸಕ್ಕರೆ ಸರಪಳಿಗಳಿಗೆ ತಯಾರಾದ, ಸಾಮಾನ್ಯವಾಗಿ ನಿರುಪದ್ರವಿಯಾದ ಐಜಿಇ ಅದಕ್ಕೆ ಕಾರಣವಿರಬಹುದು. ಇದನ್ನು ಪ್ರತ್ಯೇಕಿಸಿ ತಿಳಿಯುವ ವ್ಯವಸ್ಥೆ ಉತ್ತಮ ಪ್ರಯೋಗಾಲಯಗಳಲ್ಲಿದೆ.

ಇನ್ನೂರು ಆಹಾರಗಳ ಐಜಿಜಿ ಪರೀಕ್ಷೆಯೂ ಸಿಗುತ್ತದೆಯಲ್ಲ?

ಅದಕ್ಕೆ ಹಣ ಕೊಡಬೇಡಿ. ಐಜಿಜಿ ಮತ್ತು ಅದರ ಒಂದು ಬಗೆಯಾದ ಐಜಿಜಿ4 ಐಜಿಇಗಿಂತ ಬೇರೆಯ ಪ್ರತಿಕಾಯಗಳು; ನೀವು ಆ ಆಹಾರವನ್ನು ತಿನ್ನುತ್ತಿದ್ದೀರಿ, ದೇಹ ಅದಕ್ಕೆ ಒಗ್ಗಿದೆ ಎಂಬುದನ್ನು ತೋರಿಸುತ್ತವೆ. ಆಹಾರದ ಅಲರ್ಜಿ ಪತ್ತೆಗೆ ಇದನ್ನು ಬಳಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿದೆ. ದಿನವೂ ಅನ್ನ, ತೊಗರಿಬೇಳೆ, ಮೊಸರು ತಿನ್ನುವವರಿಗೆ ಅವೇ ಮೂರೂ ಕೆಂಪು ಬಣ್ಣದಲ್ಲಿ ಬರುವುದು ಇದೇ ಕಾರಣಕ್ಕೆ.

ಬದನೆಕಾಯಿ ತಿಂದರೆ ನಂಜಾಗುತ್ತದೆ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ?

ಬದನೆಕಾಯಿಗೆ ನಿಜವಾದ ಐಜಿಇ ಅಲರ್ಜಿಯೂ ಉಂಟು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇದರ ಬಗ್ಗೆ ಸಂಶೋಧನೆ ನಡೆಸಿದ್ದಾರೆ. ಆದರೆ ಬದನೆಕಾಯಿಯಲ್ಲೇ ಹಿಸ್ಟಮಿನ್ ಇರುವುದರಿಂದ ಅಲರ್ಜಿಯಿಲ್ಲದವರಿಗೂ ಬಾಯಿ, ಮೈ ತುರಿಸಬಹುದು. ಹಾಲಿನಿಂದ ಬರೀ ಹೊಟ್ಟೆಯುಬ್ಬರ, ಭೇದಿಯಾದರೆ ಅದು ಹೆಚ್ಚಾಗಿ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ. ಐಜಿಇ ಪರೀಕ್ಷೆಗೆ ಅದು ಕಾಣುವುದಿಲ್ಲ.

ಪಿತ್ತಗಂಧೆ ತಿಂಗಳುಗಟ್ಟಲೆಯಿಂದ ಬರುತ್ತಿದೆ. ದೊಡ್ಡ ಪ್ಯಾಕೇಜು ಮಾಡಿಸಲೇ?

ಆರು ವಾರ ಮೀರಿ ದಿನವೂ ಏಳುವ ಗಂಧೆಗೆ ಆಹಾರ ಕಾರಣವಾಗಿರುವುದು ಬಹಳ ಅಪರೂಪ. ಪ್ಯಾಕೇಜಿಗಿಂತ ಮೊದಲು ಚರ್ಮರೋಗ ತಜ್ಞರನ್ನು ಕಾಣಿ. ಅಲರ್ಜಿ ಮಾತ್ರೆಯನ್ನು ಅವರು ಹೇಳಿದ ಸರಿಯಾದ ಪ್ರಮಾಣದಲ್ಲಿ ದಿನವೂ ತೆಗೆದುಕೊಂಡರೆ ಬಹುಪಾಲು ಜನರಿಗೆ ಹತೋಟಿಗೆ ಬರುತ್ತದೆ.

ಪರೀಕ್ಷೆಗೆ ಕಾಯಬಾರದ ಸಂದರ್ಭ ಯಾವುದು?

ತಿಂದ ಕೆಲವೇ ನಿಮಿಷಗಳಲ್ಲಿ ಅಥವಾ ಜೇನುಹುಳು ಕಚ್ಚಿದ ಬಳಿಕ ತುಟಿ ನಾಲಗೆ ಊದಿದರೆ, ದನಿ ಬದಲಾದರೆ, ಉಸಿರು ಕಟ್ಟಿದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆ ತಿರುಗಿ ಬಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಇದಕ್ಕೆ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್; ಸೆಟಿರಿಜಿನ್ ನುಂಗಿ ಕಾಯುವುದರಿಂದ ಜೀವ ಹೋಗಬಹುದು. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿಡಿ; ಉಸಿರಾಟ ಕಷ್ಟವಾದರೆ ಕೂರಿಸಬಹುದು, ಎಬ್ಬಿಸಿ ನಡೆಸಬೇಡಿ. ಒಮ್ಮೆ ಹೀಗಾದವರು ಅಡ್ರಿನಲಿನ್ ಜೊತೆಗಿಟ್ಟುಕೊಳ್ಳುವ ಬಗ್ಗೆ, ಮನೆಯವರು ಅದನ್ನು ಕೊಡಲು ಕಲಿಯುವ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಖರ್ಚು ಎಷ್ಟಾಗುತ್ತದೆ?

ವಸ್ತುಗಳ ಸಂಖ್ಯೆ ಏರಿದಂತೆ ಬೆಲೆಯೂ ಏರುತ್ತದೆ. ರಿಯಾಯಿತಿಯ ಆಸೆಗೆ ಬೇಡದ ವಸ್ತುಗಳನ್ನು ಸೇರಿಸಿಕೊಂಡರೆ ಹಣದ ಜೊತೆಗೆ ಬೇಡದ ಪಾಸಿಟಿವ್‌ಗಳೂ ಮನೆಗೆ ಬರುತ್ತವೆ.

ವರದಿ ಬಂದ ಮೇಲೆ ಯಾರನ್ನು ಕಾಣಬೇಕು?

ಮೂಗು, ಎದೆಯ ತೊಂದರೆಗೆ ಎದೆರೋಗ ಅಥವಾ ಕಿವಿ-ಮೂಗು-ಗಂಟಲು ತಜ್ಞರನ್ನು, ಮಕ್ಕಳಿಗೆ ಅಲರ್ಜಿಯಲ್ಲಿ ಪಳಗಿದ ಮಕ್ಕಳ ವೈದ್ಯರನ್ನು ಕಾಣಿ. ಖಾಸಗಿ ವೆಚ್ಚ ಭಾರವಾದರೆ ನಿಮ್ಹಾನ್ಸ್ ಬಳಿಯ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳಿವೆ. ಹೋಗುವಾಗ ವರದಿಯ ಜೊತೆಗೆ ಒಂದು ಹಾಳೆಯಲ್ಲಿ ಏನು ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು, ಎಷ್ಟು ಹೊತ್ತು ಇತ್ತು, ಮೊದಲು ಅದನ್ನೇ ತಿಂದಾಗ ಏನೂ ಆಗಿರಲಿಲ್ಲವೇ ಎಂಬುದನ್ನು ಬರೆದುಕೊಂಡು ಹೋಗಿ. ಗಂಧೆ ಎದ್ದಾಗಿನ ಫೋಟೊ ಇದ್ದರೆ ತೋರಿಸಿ. ಇಷ್ಟಾದ ಮೇಲೂ ಸಂಶಯ ಉಳಿದರೆ, ಆಸ್ಪತ್ರೆಯಲ್ಲಿ ಆ ಆಹಾರವನ್ನು ಚೂರು ಚೂರಾಗಿ ತಿನ್ನಿಸಿ ಗಮನಿಸುವ ಪರೀಕ್ಷೆಯೇ ಅಂತಿಮ ನಿರ್ಣಯ ಕೊಡುತ್ತದೆ.

ದೂಳಿನ ನುಸಿಯೋ ಪರಾಗವೋ ಕಾರಣವೆಂದು ಖಚಿತವಾದವರಿಗೆ, ಆ ವಸ್ತುವನ್ನೇ ಏರುವ ಪ್ರಮಾಣದಲ್ಲಿ ಕೊಟ್ಟು ದೇಹವನ್ನು ಒಗ್ಗಿಸುವ ಇಮ್ಯುನೊಥೆರಪಿ ಎಂಬ ಚಿಕಿತ್ಸೆಯಿದೆ. ಅದು ಮೂರರಿಂದ ಐದು ವರ್ಷ ನಡೆಯುತ್ತದೆ. ಹಾಗಾಗಿ ಅದನ್ನು ಆರಂಭಿಸುವ ಮುನ್ನ ಘಟಕ ಪರೀಕ್ಷೆ ಮಾಡಿಸಿ ಕಾರಣವನ್ನು ದೃಢಪಡಿಸಿಕೊಳ್ಳುವುದು ವಿವೇಕ.

ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು?

ಹಾಲು, ಮೊಟ್ಟೆಯ ಅಲರ್ಜಿ ಬಹಳಷ್ಟು ಮಕ್ಕಳಲ್ಲಿ ಬೆಳೆಯುತ್ತ ಹೋಗಿಬಿಡುತ್ತದೆ. ಕಡಲೆಕಾಯಿಯದು ಸುಮಾರು ಐದರಲ್ಲಿ ಒಂದು ಮಗುವಿನಲ್ಲಿ ಮಾತ್ರ. ಆದ್ದರಿಂದ ಮಕ್ಕಳಿಗೆ ವೈದ್ಯರು ಸಾಮಾನ್ಯವಾಗಿ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಅದೇ ವಸ್ತುವನ್ನು ಮತ್ತೆ ನೋಡುತ್ತಾರೆ. ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ, ಅದೇ ವಿಧಾನದಿಂದ ಮಾಡಿಸಿ. ಬೇರೆ ಬೇರೆ ವಿಧಾನಗಳ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲಾಗುವುದಿಲ್ಲ. ವಯಸ್ಕರಿಗೆ ಹೊಸ ತೊಂದರೆ ಕಾಣಿಸದೆ ಮರುಪರೀಕ್ಷೆಯ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.